ಒಬ್ಬರೇ ಇರಲು ಮನೆ ಹುಡುಕುವವರಿಗೆ

ಬೆಂಗಳೂರಲ್ಲಿ ಒಂಟಿ ಹೆಣ್ಣುಮಕ್ಕಳು ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದರೆ ಮೊದಲ ಪ್ರಶ್ನೆ ಗೊತ್ತೇ ಇದೆ: "ಫ್ಯಾಮಿಲಿನಾ, ಬ್ಯಾಚುಲರ್ರಾ?" "ಮದುವೆ ಯಾವಾಗಮ್ಮಾ?" ಅಂತಲೂ ಕೇಳುತ್ತಾರೆ. ವಾದಕ್ಕೆ ಇಳಿಯಬೇಡಿ. ಸುಳ್ಳು ಗಂಡನನ್ನೂ ಹುಟ್ಟಿಸಬೇಡಿ, ಆಮೇಲೆ ಅವನನ್ನು ಸಾಕೋದು ಕಷ್ಟ. "ಒಬ್ಬಳೇ ಇರ್ತೀನಿ, ಕೆಲಸ ಇದೆ, ಬಾಡಿಗೆ ತಿಂಗಳ ಮೊದಲ ವಾರ ಅಕೌಂಟಿಗೆ ಬರುತ್ತೆ" ಅಂತ ಹೇಳಿ ನಿಲ್ಲಿಸಿ.

ಅಗ್ರಿಮೆಂಟ್ ಮಾತ್ರ ಪೂರ್ತಿ ಓದಿ. ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಬಾಯಿಮಾತಿನ ಷರತ್ತುಗಳೇ ಆಮೇಲೆ ತಲೆನೋವು. ಅಪ್ಪ, ತಮ್ಮ, ಸ್ನೇಹಿತರು ಬಂದು ಉಳಿಯಬಹುದಾ? ರಾತ್ರಿ ಗೇಟಿನ ಕೀಲಿ ನಿಮಗೂ ಕೊಡುತ್ತಾರಾ? ಓನರ್ ಹೇಳದೆ ಒಳಗೆ ಬರಬಹುದಾ? ಇವನ್ನೆಲ್ಲ ಬರೆಸಿಕೊಳ್ಳಿ. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನೋದನ್ನೂ.

ಕೇಂದ್ರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತಿದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ಕಾನೂನು ಮಾಡದೆ ಜಾರಿಯಾಗಲ್ಲ. ಇಲ್ಲಿ ಐದಾರು ತಿಂಗಳಿನದ್ದು ಕೇಳುವವರೇ ಜಾಸ್ತಿ. ಚೌಕಾಸಿ ಮಾಡಿ. ಎಷ್ಟಕ್ಕೆ ಒಪ್ಪಿದರೂ ಬ್ಯಾಂಕ್ ಮೂಲಕವೇ ಕೊಡಿ, ನಗದು ಬೇಡ.

ಮನೆಯನ್ನು ರಾತ್ರಿ ಒಂಬತ್ತರ ಮೇಲೂ ಒಮ್ಮೆ ನೋಡಿ. ಬೀದಿದೀಪ ಉರಿಯುತ್ತಾ, ಬಸ್ ಸ್ಟಾಪಿನಿಂದ ದಾರಿ ಹೇಗಿದೆ, ಮೆಟ್ಟಿಲಲ್ಲಿ ಬೆಳಕಿದೆಯಾ? ಪಕ್ಕದ ಮನೆಯ ಆಂಟಿಯನ್ನು ನೀರಿನ ಬಗ್ಗೆ ಕೇಳಿ, ಓನರ್ ಬಗ್ಗೆ ತಾನಾಗೇ ಹೇಳುತ್ತಾರೆ. ಸಾಮಾನು ತಂದ ದಿನವೇ ಬಾಗಿಲಿನ ಬೀಗ ಬದಲಾಯಿಸಿ.