ಕುಂಗ್ಸ್‌ಲೇಡೆನ್ ನಡೆಯಲು ಬಿಸಿಲುನಾಡಿನವರು ಸಿದ್ಧರಾಗುವ ಬಗೆ

ಸ್ವೀಡಿಷ್ ಭಾಷೆಯಲ್ಲಿ ಕುಂಗ್ಸ್‌ಲೇಡೆನ್ ಎಂದರೆ ರಾಜನ ದಾರಿ. ಆರ್ಕ್‌ಟಿಕ್ ವೃತ್ತದಿಂದಲೂ ಉತ್ತರಕ್ಕಿರುವ, ಸ್ವೀಡನ್ನಿನ ಅಬಿಸ್ಕೋ ಎಂಬ ಸಣ್ಣ ಊರಿನಿಂದ ದಕ್ಷಿಣದ ಹೇಮಾವನ್‌ವರೆಗೆ, ಬೆಟ್ಟ ಕಣಿವೆಗಳ ನಡುವೆ ಸುಮಾರು 440 ಕಿಲೋಮೀಟರ್ ಸಾಗುವ ಈ ಕಾಲುದಾರಿಯನ್ನು ಪೂರ್ತಿ ನಡೆಯಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಕೊಪ್ಪಳ, ಬಳ್ಳಾರಿ, ರಾಯಚೂರಿನ ಕಡೆಯಿಂದ ಮೊದಲ ಸಲ ಹೋಗುವವರು ಪೂರ್ತಿ ದಾರಿಯ ಆಸೆಯನ್ನು ಬದಿಗಿಟ್ಟು, ಅಬಿಸ್ಕೋದಿಂದ ನಿಕ್ಕಲುವೊಕ್ತಾವರೆಗಿನ ಸುಮಾರು 105 ಕಿಲೋಮೀಟರನ್ನು ಏಳು ದಿನಗಳಲ್ಲಿ ನಡೆಯುವುದು ಒಳ್ಳೆಯದೆಂದು ನಾನು ಖಚಿತವಾಗಿ ಹೇಳುತ್ತೇನೆ. ಈ ಭಾಗದಲ್ಲಿ ಹನ್ನೆರಡರಿಂದ ಇಪ್ಪತ್ತೆರಡು ಕಿಲೋಮೀಟರಿಗೊಂದು ತಂಗುಮನೆ ಸಿಗುತ್ತದೆ. ದಕ್ಷಿಣಕ್ಕೆ ಹೋದಂತೆ, ಅದರಲ್ಲೂ ಕ್ವಿಕ್ಯೋಕ್ ಮತ್ತು ಅಮ್ಮರ್‌ನೆಸ್ ನಡುವೆ, ಅಂಥ ಮನೆಗಳ ಸಾಲು ಇಲ್ಲವಾದ್ದರಿಂದ ಡೇರೆಯನ್ನೂ ಅನೇಕ ದಿನಗಳ ಬುತ್ತಿಯನ್ನೂ ಬೆನ್ನ ಮೇಲೆಯೇ ಹೊರಬೇಕಾಗುತ್ತದೆ.

ಹೋಗುವ ಕಾಲವನ್ನು ಆಗಸ್ಟ್ ಕೊನೆಯ ಎರಡು ವಾರಗಳಿಗೆ ಹೊಂದಿಸಿಕೊಳ್ಳಿ. ಜೂನ್ ಕೊನೆಯಲ್ಲಿ ತಂಗುಮನೆಗಳು ತೆರೆದರೂ ಎತ್ತರದ ಕಣಿವೆಗಳಲ್ಲಿ ಹಿಮ ಉಳಿದಿರುತ್ತದೆ, ಜುಲೈಯಲ್ಲಿ ಸೊಳ್ಳೆಗಳ ಕಾಟ ವಿಪರೀತ. ಆಗಸ್ಟ್ ಕೊನೆಯ ಹೊತ್ತಿಗೆ ಸೊಳ್ಳೆ ಕಡಿಮೆಯಾಗಿ, ನೆಲದ ಗಿಡಗಳು ಕೆಂಪಾಗತೊಡಗುತ್ತವೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿಯೂ ಸಲ್ಲಿಸಲು ಅವಕಾಶವಿದೆ. ಅದರ ಜೊತೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಚಳಿಯದು. ಆದರೆ ಆ ದಾರಿಯಲ್ಲಿ ಮನುಷ್ಯನನ್ನು ಸೋಲಿಸುವುದು ಚಳಿಗಿಂತ ಹೆಚ್ಚಾಗಿ ತೇವ. ಐದಾರು ಡಿಗ್ರಿ ಚಳಿಯನ್ನು ಒಣ ಬಟ್ಟೆಯಲ್ಲಿ ನಡೆಯುತ್ತಾ ಯಾರಾದರೂ ತಡೆದುಕೊಳ್ಳಬಲ್ಲರು. ಅದೇ ಚಳಿಯಲ್ಲಿ ಮಳೆಗೆ ನೆಂದು, ಗಾಳಿಗೆ ಸಿಕ್ಕು ನಿಂತರೆ ಮೈ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಹತ್ತಿ ನಮ್ಮ ಹೊಲದ ಬೆಳೆ, ಜೀನ್ಸ್ ಬಳ್ಳಾರಿಯ ಹೆಮ್ಮೆ. ಆದರೂ ಇವೆರಡನ್ನೂ ಮನೆಯಲ್ಲಿಯೇ ಬಿಟ್ಟು ಹೋಗಬೇಕು, ಏಕೆಂದರೆ ಹತ್ತಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ಇಡೀ ದಿನ ತೆಗೆದುಕೊಳ್ಳುತ್ತದೆ. ಮೈಗೆ ತಾಗುವ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ, ಅದರ ಮೇಲೆ ಬೆಚ್ಚಗಿನ ಅಂಗಿ, ಎಲ್ಲಕ್ಕೂ ಹೊರಗೆ ನೀರು ಒಳಬಿಡದ ಜಾಕೆಟ್ ಮತ್ತು ಪ್ಯಾಂಟು. ಮಲಗುವಾಗ ಹಾಕುವ ಒಂದು ಜೊತೆ ಬಟ್ಟೆ, ಒಂದು ಜೊತೆ ಕಾಲುಚೀಲಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಎಂಥ ಕಷ್ಟ ಬಂದರೂ ನಡೆಯುವಾಗ ಅವುಗಳನ್ನು ಮುಟ್ಟಬಾರದು. ನಾನು ಎರಡನೆಯ ದಿನ ಒದ್ದೆ ಕಾಲುಚೀಲದಲ್ಲಿಯೇ ಮಧ್ಯಾಹ್ನವಿಡೀ ನಡೆದು, ಸಂಜೆ ಬೂಟು ಬಿಚ್ಚಿದಾಗ ಹಿಮ್ಮಡಿಯ ಚರ್ಮ ಬಿಳಿಚಿಕೊಂಡು, ರೂಪಾಯಿ ಅಗಲದ ಬೊಬ್ಬೆ ಎದ್ದಿತ್ತು. ಹಿಮ್ಮಡಿ ಬಿಸಿಯಾಗತೊಡಗಿದ ಕೂಡಲೇ ನಿಂತು, ಒರೆಸಿ, ಅಂಟುಪಟ್ಟಿ ಹಾಕಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು.

ತಯಾರಿಗೆ ನಮ್ಮ ನೆಲವೇ ಸಾಕು. ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಉಸಿರಿಗೆ ಒಳ್ಳೆಯದು, ಆದರೆ ಕುಂಗ್ಸ್‌ಲೇಡೆನ್‌ನಲ್ಲಿ ಮೆಟ್ಟಿಲುಗಳಿಲ್ಲ, ಮೈಲಿಗಟ್ಟಲೆ ಸಡಿಲ ಕಲ್ಲುಗಳಿವೆ. ಹಂಪಿಯ ಮಾತಂಗ ಬೆಟ್ಟದ ಬಂಡೆಗಳ ಮೇಲೆ ಚೀಲ ಹೊತ್ತು ಹತ್ತಿ ಇಳಿದರೆ ಪಾದಕ್ಕೆ ಆ ಅಭ್ಯಾಸವಾಗುತ್ತದೆ. ಬೇಸಿಗೆಯಲ್ಲಿ ಬೆಳಕು ಹರಿಯುವ ಮುನ್ನ ಹೊರಟು, ಎಂಟು ಗಂಟೆಯೊಳಗೆ ಮುಗಿಸಿಬಿಡಿ. ಜುಲೈಯಲ್ಲಿ ಮಳೆ ಹಿಡಿದ ಮೇಲೆ ಸಂಡೂರಿನ ಗುಡ್ಡಗಳಿಗೆ ಹೋಗಿ, ಬೇಕೆಂದೇ ನೆನೆಯುತ್ತಾ ನಡೆಯಿರಿ. ಜಾಕೆಟ್ ಎಲ್ಲಿ ಸೋರುತ್ತದೆ, ಬೂಟು ಎಲ್ಲಿ ಕಚ್ಚುತ್ತದೆ ಎಂಬುದು ಅಲ್ಲಿ ಗೊತ್ತಾದರೆ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಬೆನ್ನುಬೆನ್ನಿಗೆ ಎರಡು ದಿನ ನಡೆಯುವ ಅಭ್ಯಾಸ. ಶನಿವಾರ ಹನ್ನೆರಡು ಕಿಲೋ ಹೊತ್ತು ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಹದಿನೆಂಟು ಕಿಲೋಮೀಟರ್ ನಡೆದು, ಭಾನುವಾರ ನೋಯುವ ಕಾಲಿನಲ್ಲಿಯೇ ಮತ್ತೆ ಅಷ್ಟೇ ನಡೆದು ನೋಡಿ.

ಬುತ್ತಿಯ ವಿಷಯದಲ್ಲಿ ನಾವು ಭಾಗ್ಯವಂತರು. ಕಡಕ್ ರೊಟ್ಟಿಯಷ್ಟು ಹಗುರವೂ ಬಾಳಿಕೆಯದೂ ಆದ ದಾರಿಯೂಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವು ಹೇಗೂ ಮುರಿಯುತ್ತವೆ, ಆದ್ದರಿಂದ ಮನೆಯಲ್ಲಿಯೇ ಅಂಗೈಯಗಲ ಮುರಿದು, ದಿನಕ್ಕೊಂದರಂತೆ ಚೀಲಗಳಲ್ಲಿ ಕಟ್ಟಿಕೊಳ್ಳಿ. ಸಂಜೆ ಬಿಸಿ ಬೇಳೆಯಲ್ಲಿ ಅದ್ದಿ, ಮೇಲೆ ಶೇಂಗಾ ಹಿಂಡಿಯನ್ನೋ ಗುರೆಳ್ಳು ಹಿಂಡಿಯನ್ನೋ ಉದುರಿಸಿಕೊಂಡರೆ ಊಟವಾಯಿತು. ಐರೋಪ್ಯ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಹೀಗಾಗಿ ತುಪ್ಪವನ್ನೂ ಪೇಡೆಯನ್ನೂ ಬಿಟ್ಟು, ಬೆಲ್ಲದ ಶೇಂಗಾ ಉಂಡಿ ಒಯ್ಯಿರಿ. ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದನ್ನು ಅಲ್ಲಿಯೇ ಕೊಳ್ಳಬೇಕು. ತಂಗುಮನೆಗಳಲ್ಲಿ ಉಳಿಯುವವರಿಗೆ ಒಲೆ, ಪಾತ್ರೆ ಅಲ್ಲಿಯೇ ಇರುತ್ತವೆ. ಅಲೆಸ್ಯೌರೆ ಮತ್ತು ಸೆಲ್ಕಾ ತಂಗುಮನೆಗಳಲ್ಲಿ ಸಣ್ಣ ಅಂಗಡಿಗಳಿವೆ. ಚೆಕ್ಚಾ, ಸಿಂಗಿಗಳಲ್ಲಿ ಏನನ್ನೂ ನಿರೀಕ್ಷಿಸಬೇಡಿ.

ಈ ತಂಗುಮನೆಗಳನ್ನು ನಡೆಸುವುದು 1885ರಲ್ಲಿ ಸ್ಥಾಪನೆಯಾದ ಸ್ವೀಡಿಷ್ ಪ್ರವಾಸಿ ಸಂಘ. ಹಾಸಿಗೆಯನ್ನು ಮುಂಚೆಯೇ ಕಾಯ್ದಿರಿಸಿ. ವಿದ್ಯುತ್ತಿಲ್ಲದ ಈ ಮನೆಗಳಲ್ಲಿ ಹೊಳೆಯಿಂದ ನೀರು ತರುವುದು, ಕಟ್ಟಿಗೆ ಒಡೆಯುವುದು, ಬೆಳಗ್ಗೆ ಹೊರಡುವ ಮುನ್ನ ಕಸ ಗುಡಿಸುವುದು ತಂಗಿದವರ ಕೆಲಸವೇ ಆಗಿರುತ್ತದೆ. ಹರಿಯುವ ತೊರೆಯ ನೀರನ್ನು ಸಾಮಾನ್ಯವಾಗಿ ಹಾಗೆಯೇ ಕುಡಿಯಬಹುದು, ಆದ್ದರಿಂದ ಬೆನ್ನ ಮೇಲೆ ಒಂದು ಲೀಟರಿಗಿಂತ ಹೆಚ್ಚು ಬೇಕಿಲ್ಲ. ಕುಡಿಯುವ ನೀರಿಗೆ ಕೊಡ ಹಿಡಿದು ಸರದಿಯಲ್ಲಿ ನಿಂತ ಊರುಗಳಿಂದ ಬಂದವರಿಗೆ, ಬೊಗಸೆಯಲ್ಲಿ ಎತ್ತಿ ಕುಡಿಯುವ ಆ ನೀರು ದಾರಿಯುದ್ದಕ್ಕೂ ಒಂದು ಬೆರಗು.

ಬೇಸಿಗೆಯ ದಾರಿಗೆ ಕಲ್ಲುಗಳ ಮೇಲಿನ ಕೆಂಪು ಬಣ್ಣ ಗುರುತು. ಎತ್ತರದ ಕಂಬಗಳ ಮೇಲಿನ X ಆಕಾರದ ಕೆಂಪು ಪಟ್ಟಿಗಳು ಚಳಿಗಾಲದ ಹಿಮದಾರಿಗೆ ಸೇರಿದವು, ಅವು ಕೆಲವೆಡೆ ಕೆರೆಯ ಮೇಲೆಯೇ ಹಾದುಹೋಗುತ್ತವೆ. ಎರಡನ್ನೂ ಒಂದೇ ಎಂದುಕೊಂಡು ನಡೆದರೆ ಜೌಗಿನಲ್ಲಿ ಸಿಲುಕುತ್ತೀರಿ. ಜೌಗಿನ ಮೇಲೆ ಹಾಸಿದ ಹಲಗೆಗಳು ಮಳೆಯಲ್ಲಿ ಪಾಚಿಗಟ್ಟಿದ ಕೆರೆಮೆಟ್ಟಿಲಿನಂತೆ ಜಾರುವುದರಿಂದ ಪಾದವನ್ನು ಪೂರ್ತಿ ಊರಿ, ಸಣ್ಣ ಹೆಜ್ಜೆ ಇಡಬೇಕು. ದಾರಿಯ ಅತಿ ಎತ್ತರದ ಸ್ಥಳವಾದ ಚೆಕ್ಚಾ ಕಣಿವೆಯ ನೆತ್ತಿ ಸುಮಾರು 1,140 ಮೀಟರ್. ಮೋಡ ಕವಿದಿದ್ದರೆ ಅದನ್ನು ದಾಟುವ ಮುನ್ನ ತಂಗುಮನೆಯ ಉಸ್ತುವಾರಿಯವರನ್ನು ಹವಾಮಾನದ ಬಗ್ಗೆ ಕೇಳಿಕೊಳ್ಳಿ. ಮೊಬೈಲ್ ಸಿಗ್ನಲ್ ಬಹುತೇಕ ಸಿಗದು, ಸಿಕ್ಕಲ್ಲಿ ತುರ್ತು ಸಂಖ್ಯೆ 112. ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳು ಎದುರಾದರೆ ನಿಂತು, ಅವು ಸರಿದುಹೋಗುವವರೆಗೆ ಕಾಯಬೇಕು. ಅವು ಒಬ್ಬರ ಬದುಕಿನ ಆಧಾರ, ನಮ್ಮ ಕುರಿಗಾಹಿಗಳ ಹಿಂಡಿನ ಹಾಗೆ.

ನಿಕ್ಕಲುವೊಕ್ತಾದಿಂದ ಕಿರುನಾ ಪಟ್ಟಣಕ್ಕೆ ಬಸ್ಸುಗಳು ಕಡಿಮೆ, ಕೊನೆಯ 19 ಕಿಲೋಮೀಟರಿಗೆ ಹೊರಡುವ ಮುನ್ನವೇ ಸಮಯ ನೋಡಿಕೊಳ್ಳಿ. ಕಿರುನಾದಲ್ಲಿ ಒಂದು ದಿನ ಉಳಿಯಿರಿ. ಅಲ್ಲಿಯ ಕಬ್ಬಿಣದ ಅದಿರಿನ ಗಣಿ ನೆಲದಡಿಯಲ್ಲಿ ಹಬ್ಬುತ್ತಿರುವುದರಿಂದ ಪಟ್ಟಣವನ್ನೇ ಬೇರೆಡೆಗೆ ಸಾಗಿಸುತ್ತಿದ್ದಾರೆ. ಅದಿರಿನ ರೈಲು ನಿಲ್ದಾಣ ದಾಟುವ ಸದ್ದು ಸಂಡೂರು, ಹೊಸಪೇಟೆಯ ಕಡೆಯವರಿಗೆ ಕೇಳಿದ ಕೂಡಲೇ ಗುರುತು ಹತ್ತುತ್ತದೆ.