ಹೊತ್ತು ಮುಳುಗುವ ಮೊದಲು ಕೂಲಿ: ಒಬ್ಬ ಗುತ್ತಿಗೆದಾರನ ಅನುಭವ

ಮಂಗಳೂರಿನ ಸುತ್ತಮುತ್ತ ಮನೆ ಕಟ್ಟಿಕೊಡುವ ಸಣ್ಣ ಗುತ್ತಿಗೆದಾರ ನಾನು. ದೇವರಿಗೆ ವಿಧೇಯನಾಗಿ ಬಾಳುವುದು ಹೇಗೆಂದು ನನಗೆ ಕಲಿಸಿದ್ದು ಬಹುಮಟ್ಟಿಗೆ ಒಂದೇ ಆಜ್ಞೆ. ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನ ವರೆಗೆ ಇಟ್ಟುಕೊಳ್ಳಬಾರದೆಂದು ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಅದನ್ನೇ ಬಿಡಿಸಿ ಹೇಳುತ್ತದೆ: ಅವನು ಸ್ವಜನನಾಗಿರಲಿ, ಪರದೇಶದಿಂದ ಬಂದು ನೆಲೆಸಿದವನಾಗಿರಲಿ, ಆ ದಿನದ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು, ಏಕೆಂದರೆ ಅವನು ಬಡವ, ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆ.

ನಮ್ಮ ಕಸುಬಿನ ರೂಢಿ ಇದಕ್ಕೆ ತದ್ವಿರುದ್ಧವಾದುದು. ಶನಿವಾರ ಖರ್ಚಿಗೆಂದು ಒಂದಿಷ್ಟು ಬಟವಾಡೆ ಮಾಡಿ, ಉಳಿದದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ಸ್ಲ್ಯಾಬ್ ಆದ ಮೇಲೋ ಆಳು ಊರಿಗೆ ಹೊರಟಾಗಲೋ ಲೆಕ್ಕ ತೀರಿಸುವುದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಮನೆಯ ಯಜಮಾನರಿಂದ ಹಣ ತಡವಾಗಿ ಬರುತ್ತದೆಂಬುದು ಇದಕ್ಕೆ ಎಲ್ಲರೂ ಹೇಳುವ ಕಾರಣ. ಹೇಳದೆ ಉಳಿಯುವ ಕಾರಣವೇ ದೊಡ್ಡದು: ಬಾಕಿ ಇದ್ದರೆ ಆಳು ಕೆಲಸ ಬಿಟ್ಟು ಹೋಗುವುದಿಲ್ಲ. ಬಾಗಲಕೋಟೆಯಿಂದಲೋ ಕೊಪ್ಪಳದಿಂದಲೋ, ಈಗೀಗ ಜಾರ್ಖಂಡ್, ಪಶ್ಚಿಮ ಬಂಗಾಳಗಳಿಂದಲೋ ಬಂದವನು ತನ್ನದೇ ದುಡ್ಡಿಗಾಗಿ ನಮ್ಮ ಬಳಿ ಕಟ್ಟಿಬೀಳುತ್ತಾನೆ. 1936ರ ವೇತನ ಪಾವತಿ ಕಾಯ್ದೆ ತಿಂಗಳ ಲೆಕ್ಕ ಮುಗಿದ ಮೇಲೂ ಸಣ್ಣ ಉದ್ಯಮಗಳಿಗೆ ಏಳು ದಿನಗಳ ಗಡುವು ಕೊಟ್ಟಿತ್ತು. ದೇವರ ವಾಕ್ಯವು ಕೊಡುವ ಗಡುವು ಒಂದು ಸಂಜೆ ಮಾತ್ರ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದದ್ದನ್ನು ಬೈಬಲಿನಲ್ಲಿ ಓದಿದ ಮೇಲೆ, ಭಾನುವಾರ ಆರಾಧನೆಯಲ್ಲಿ ಕುಳಿತಿರುವ ನನ್ನ ಹೆಸರಿನಲ್ಲಿ ಅಂಥ ಕೂಗು ಏಳಬಾರದೆಂದು ನಿಶ್ಚಯಿಸಿದೆ.

ನಿಶ್ಚಯವನ್ನು ಕೆಲಸಕ್ಕಿಳಿಸಲು ಲೆಕ್ಕ ಇಡುವ ಕ್ರಮವನ್ನೇ ಬದಲಿಸಬೇಕಾಯಿತು. ಪಂಚಾಂಗ (ಅಡಿಪಾಯ), ಲಿಂಟಲ್, ಸ್ಲ್ಯಾಬ್, ಸಾರಣೆ ಹೀಗೆ ಪ್ರತಿ ಹಂತವೂ ಆರಂಭವಾಗುವ ಮೊದಲೇ ಆ ಹಂತದ ಕೂಲಿಯ ಭಾಗವನ್ನು ಮುಂಗಡವಾಗಿ ಕೊಡಬೇಕೆಂದು ಕರಾರಿನಲ್ಲಿ ಬರೆಸುತ್ತೇನೆ. ಆ ಹಣ ಬೇರೆಯೇ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಿಮೆಂಟು, ಕಬ್ಬಿಣ, ಹೊಯ್ಗೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ. ಸಾಮಾನಿನ ಅಂಗಡಿಯವರಿಗೆ ಬಾಕಿ ನಿಂತರೆ ನಾನೇ ಹೋಗಿ ಗಡುವು ಕೇಳುತ್ತೇನೆ. ಅವರಿಗೆ ಕಾಯುವ ಶಕ್ತಿಯಿದೆ, ಕಲ್ಲು ಹೊರುವವಳಿಗೆ ಇಲ್ಲ. ಈ ಕರಾರಿಗೆ ಒಪ್ಪದ ಯಜಮಾನರ ಕೆಲಸವನ್ನು ಹಿಡಿಯುವುದಿಲ್ಲವಾದ್ದರಿಂದ ನನ್ನ ಕೆಲಸಗಳ ಸಂಖ್ಯೆ ಕಡಿಮೆಯಾಗಿದೆ. ಕೆಲವು ಆಳುಗಳು ದಿನಗೂಲಿ ಕೈಗೆ ಬಂದರೆ ಖರ್ಚಾಗುತ್ತದೆಂದು ಶನಿವಾರವೇ ಒಟ್ಟಿಗೆ ಕೇಳುತ್ತಾರೆ. ಅವರಿಗೆ ಹಾಗೆಯೇ ಕೊಡುತ್ತೇನೆ, ಆದರೆ ಬುಧವಾರ ಕೇಳಿದರೂ ಬುಧವಾರವೇ ಸಿಗಬೇಕು. ಆಜ್ಞೆಯ ತಿರುಳು ಅವನ ಹಣ ಅವನ ಅಧೀನದಲ್ಲಿರಬೇಕೆಂಬುದು ಎಂದು ನಾನು ತಿಳಿದಿದ್ದೇನೆ.

ವಿಧೇಯತೆಯ ಭಾಗ ಇಷ್ಟಾದರೆ, ಭರವಸೆಯ ಭಾಗ ಇದಕ್ಕಿಂತ ಕಠಿಣವಾದುದು. ಒಂದು ಮಳೆಗಾಲದ ಮುಂಚೆ ಯಜಮಾನರೊಬ್ಬರ ಹಣ ನಿಂತುಹೋಯಿತು. ಕೂಲಿಯ ಖಾತೆಯಲ್ಲಿ ಆ ವಾರಕ್ಕೆ ಸಾಲುವಷ್ಟು ಮಾತ್ರ ಇತ್ತು. ಆ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಯಲ್ಲಿ ಇಂತಿಷ್ಟು ಹಣ ಬೇಕೆಂದು ನಾನು ಬೇಡಲಿಲ್ಲ. ಹೇಳಿದ ಮಾತಿಗೆ ತಪ್ಪದಂತೆ ನಡೆಸು, ದಾರಿಯನ್ನು ನೀನೇ ತೋರಿಸು ಎಂದಷ್ಟೇ ಬೇಡಿದೆ. ಯಾರೂ ಬಂದು ಬಾಗಿಲಲ್ಲಿ ಹಣವಿಡಲಿಲ್ಲ. ಕಾಂಕ್ರೀಟ್ ಮಿಕ್ಸರನ್ನು ಮಾರಿ ಕೂಲಿ ಕೊಟ್ಟೆ; ಮುಂದಿನ ಕೆಲಸಗಳಿಗೆ ಮಿಕ್ಸರನ್ನು ಬಾಡಿಗೆಗೆ ತರುತ್ತಿದ್ದೇನೆ. ಅದೂ ದೇವರು ಒದಗಿಸಿದ್ದೇ ಎಂದು ಹೇಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಮಾರಲು ಒಂದು ಯಂತ್ರ ಇತ್ತು, ಅದನ್ನು ಬಿಟ್ಟುಕೊಡುವ ಮನಸ್ಸೂ ಬಂತು.

ಇಲ್ಲಿ ನನ್ನದೊಂದು ಅಭಿಪ್ರಾಯವನ್ನು ಬಿಚ್ಚಿ ಹೇಳಬೇಕು. ವಿಧೇಯನಾದರೆ ದೇವರು ಎರಡು ಪಟ್ಟು ಕೊಡುತ್ತಾನೆಂಬ ಸಾಕ್ಷಿಗಳು ಇತ್ತೀಚೆಗೆ ಹೆಚ್ಚು ಕೇಳಿಬರುತ್ತವೆ. ನನಗೆ ಅವು ಒಪ್ಪಿಗೆಯಾಗುವುದಿಲ್ಲ. ಅರಣ್ಯದಲ್ಲಿ ದೇವರು ಕೊಟ್ಟ ಮನ್ನಾ ಎಂಬ ಆಹಾರವನ್ನು ಕೂಡಿಸಿದವರಲ್ಲಿ ಹೆಚ್ಚು ಕೂಡಿಸಿದವನಿಗೆ ಏನೂ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ ಎಂದು ವಿಮೋಚನಕಾಂಡ ಹೇಳುತ್ತದೆ. ಬಾಬೆಲಿನಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬವರು, ತನ್ನ ಪ್ರತಿಮೆಗೆ ನಮಸ್ಕರಿಸದಿದ್ದರೆ ಬೆಂಕಿಗೆ ಹಾಕಿಸುವೆನೆಂದ ಅರಸನ ಮುಂದೆ ನಿಂತು, ನಮ್ಮ ದೇವರು ನಮ್ಮನ್ನು ಬೆಂಕಿಯಿಂದ ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ನಮಸ್ಕರಿಸುವುದಿಲ್ಲ ಎಂದರು. ಆ ‘ಬಿಡಿಸದೆ ಹೋದರೂ’ ಎಂಬಲ್ಲಿಗೆ ಬಂದು ನಿಂತ ಭರವಸೆಯನ್ನೇ ನಾನು ಭರವಸೆಯೆಂದು ನಂಬುತ್ತೇನೆ.

ದುಡಿಮೆಯನ್ನೂ ವಿಶ್ವಾಸವನ್ನೂ ಬೇರೆ ಮಾಡಬಾರದೆಂಬುದು ಈ ಊರಿನ ಕ್ರೈಸ್ತ ಸಭೆಗಳಿಗೆ ಹೊಸ ಪಾಠವಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಪಡೆದ ಅನೇಕರು ಬಂಧುಬಳಗವನ್ನೂ ಹೊಟ್ಟೆಪಾಡನ್ನೂ ಕಳೆದುಕೊಂಡಿದ್ದರು. ನೇಯ್ಗೆಯೂ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯೂ ಅಂಥವರಿಗೆ ಕೆಲಸ ಕೊಟ್ಟವು.

ಈಗ ನನ್ನನ್ನು ಹೆಚ್ಚಾಗಿ ಕಾಡುವುದು ಮಳೆಯ ದಿನಗಳು. ಬೆಳಗ್ಗೆ ಬಂದ ಆಳುಗಳು ಹತ್ತು ಗಂಟೆಗೆ ಮಳೆ ಹಿಡಿದು ಸುಮ್ಮನೆ ಕುಳಿತರೆ ಅರ್ಧ ಕೂಲಿ ಎಂಬುದು ರೂಢಿ. ದ್ರಾಕ್ಷಿತೋಟದ ಯಜಮಾನನು ಸಂಜೆ ಒಂದೇ ಗಂಟೆ ದುಡಿದವರಿಗೂ ದಿನದ ಪೂರ್ಣ ಕೂಲಿ ಕೊಟ್ಟ ಸಾಮ್ಯವನ್ನು ಮತ್ತಾಯನ ಸುವಾರ್ತೆಯಲ್ಲಿ ಓದಿದ ನಾನು, ಬಂದವರಿಗೆ ಪೂರ್ಣ ಕೂಲಿಯನ್ನೇ ಕೊಡುತ್ತಿದ್ದೇನೆ. ಆದರೆ ಜುಲೈ ತಿಂಗಳಲ್ಲಿ ಕೆಲಸವೇ ಇಲ್ಲದೆ ಯಾರೂ ಕರೆಯದವರ ವಿಷಯದಲ್ಲಿ ಏನು ಮಾಡಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಒಳಗಿನ ಸಾರಣೆ, ನೆಲದ ಟೈಲ್ಸ್, ಬಣ್ಣದ ಕೆಲಸಗಳನ್ನು ಆ ತಿಂಗಳುಗಳಿಗೆಂದು ಉಳಿಸಿಕೊಳ್ಳಲು ಈ ವರ್ಷ ಎರಡು ಮನೆಗಳ ಯಜಮಾನರನ್ನು ಒಪ್ಪಿಸಿದ್ದೇನೆ. ಉಳಿದವರಿಗಾಗಿ ಕೇಳುತ್ತಿದ್ದೇನೆ, ಪ್ರಾರ್ಥಿಸುತ್ತಿದ್ದೇನೆ.