ತೆಳುಗಾಳಿಯಲ್ಲಿ ಕಾದಾಡುವ ಹೆಲಿಕಾಪ್ಟರ್ ಕಟ್ಟುವುದು ಹೇಗೆ?

ಬೆಂಗಳೂರಿನ ವಿಮಾನಪುರ, ಮಾರತ್ತಹಳ್ಳಿ ಕಡೆಯವರಿಗೆ ಹೆಲಿಕಾಪ್ಟರ್ ಸದ್ದು ಹೊಸದಲ್ಲ. ಒಮ್ಮೊಮ್ಮೆ ತಲೆ ಎತ್ತಿದರೆ ಸಪೂರ ಮೈಯ, ಮೂತಿಯ ಕೆಳಗೆ ಗನ್ ಇರುವ ಒಂದು ಹೆಲಿಕಾಪ್ಟರ್ ಕಾಣುತ್ತದೆ. ಅದೇ ಎಚ್‌ಎಎಲ್ ತಯಾರಿಸಿದ ಲಘು ಯುದ್ಧ ಹೆಲಿಕಾಪ್ಟರ್ ‘ಪ್ರಚಂಡ’. ಇಂಥದ್ದನ್ನು ಕಟ್ಟಲು ಎಲ್ಲಿಂದ ಶುರು ಮಾಡುತ್ತಾರೆ? ಎಂಜಿನ್, ಗನ್ ಎಲ್ಲ ಆಮೇಲೆ. ಮೊದಲು ಗಾಳಿಯ ಲೆಕ್ಕ.

ಮೊದಲ ಹೆಜ್ಜೆ: ಎಲ್ಲಿ ಹಾರಬೇಕು?

ಲೇಹ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ. ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಹೆಲಿಕಾಪ್ಟರ್‌ಗೂ ಹಾಗೇ. ಅದರ ಬ್ಲೇಡ್‌ಗಳು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದಲೇ ಅದು ಮೇಲೇಳುವುದು. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ತಳ್ಳಲು ಗಾಳಿ ಕಡಿಮೆ, ಎಂಜಿನ್‌ಗೆ ಉಸಿರಾಡಲೂ ಕಡಿಮೆ. ಬಿಸಿಲು ಜಾಸ್ತಿಯಾದರೆ ಗಾಳಿ ಇನ್ನೂ ತೆಳುವಾಗುತ್ತದೆ.

ಈ ಪಾಠವನ್ನು ನಾವು ಕಾರ್ಗಿಲ್‌ನಲ್ಲಿ ಕಲಿತೆವು, ನೋವಿನಿಂದ ಕಲಿತೆವು. ಆಗ ನಮ್ಮಲ್ಲಿದ್ದ ಭಾರಿ ದಾಳಿ ಹೆಲಿಕಾಪ್ಟರ್‌ಗಳಿಗೆ ಅಷ್ಟು ಎತ್ತರದಲ್ಲಿ ಕಾದಾಡಲು ಆಗುತ್ತಿರಲಿಲ್ಲ. ಸಾಗಣೆಗೆಂದು ಇದ್ದ ಎಂಐ-17ಗಳಿಗೇ ರಾಕೆಟ್ ಕಟ್ಟಿ ಕಳಿಸಬೇಕಾಯಿತು. 1999ರ ಮೇ 28ರಂದು ತೋಲೋಲಿಂಗ್ ಶಿಖರದ ಬಳಿ ಅವುಗಳಲ್ಲಿ ಒಂದನ್ನು ಶತ್ರುಗಳು ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಯಿಂದ ಹೊಡೆದುರುಳಿಸಿದರು. ಒಳಗಿದ್ದ ನಾಲ್ವರೂ ಹುತಾತ್ಮರಾದರು. ಕ್ಷಿಪಣಿಯ ದಿಕ್ಕು ತಪ್ಪಿಸುವ ಫ್ಲೇರ್‌ಗಳು ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ. ಪ್ರಚಂಡದ ಒಂದೊಂದು ಭಾಗವನ್ನು ನೋಡುವಾಗಲೂ ಈ ಘಟನೆ ನೆನಪಿನಲ್ಲಿರಲಿ.

ಎರಡನೆಯದು: ಇರುವುದನ್ನೇ ಬಳಸಿ

ಸರ್ಕಾರ 2006ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ ಎಚ್‌ಎಎಲ್ ಬಳಿ ‘ಧ್ರುವ’ ಎಂಬ ಹೆಲಿಕಾಪ್ಟರ್ ಇತ್ತು. ಅದು ಮೊದಲು ಹಾರಿದ್ದು 1992ರಲ್ಲಿ. ಹೆಲಿಕಾಪ್ಟರ್‌ನಲ್ಲಿ ಅತಿ ಕಷ್ಟದ ಕೆಲಸವೆಂದರೆ ರೋಟರ್ (ತಿರುಗುವ ಬ್ಲೇಡ್‌ಗಳ ಜೋಡಣೆ) ಮತ್ತು ಗೇರ್‌ಬಾಕ್ಸ್. ಅವನ್ನು ಸೊನ್ನೆಯಿಂದ ಕಟ್ಟಿ ನಂಬುವಂತೆ ಮಾಡಲು ವರ್ಷಗಳೇ ಬೇಕು. ಹಾಗಾಗಿ ಧ್ರುವದ ನಾಲ್ಕು ಬ್ಲೇಡ್‌ಗಳ ರೋಟರ್ ವ್ಯವಸ್ಥೆಯನ್ನೇ ಇಲ್ಲಿಗೂ ತಂದರು. ಎಂಜಿನ್ ‘ಶಕ್ತಿ’. ಫ್ರಾನ್ಸಿನ ಟರ್ಬೊಮೆಕಾ ಜೊತೆ ಸೇರಿ, ಎತ್ತರದ ಹಾರಾಟವನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಒಂದಲ್ಲ, ಎರಡು ಎಂಜಿನ್. ಒಂದು ಕೈಕೊಟ್ಟರೆ ಇನ್ನೊಂದು ಕಾಪಾಡಬೇಕು.

ಬದಲಾಗಿದ್ದು ಮೈಕಟ್ಟು. ಧ್ರುವದಲ್ಲಿ ಇಬ್ಬರು ಪೈಲಟ್‌ಗಳು ಅಕ್ಕಪಕ್ಕ ಕೂರುತ್ತಾರೆ. ಪ್ರಚಂಡದಲ್ಲಿ ಒಬ್ಬರ ಹಿಂದೆ ಒಬ್ಬರು. ಮೈ ಸಪೂರವಾದಷ್ಟೂ ಎದುರಿನಿಂದ ಗುರಿಯಿಡುವವನಿಗೆ ಕಾಣುವ ಭಾಗ ಕಡಿಮೆ. ಇಬ್ಬರಿಗೂ ಎಡಬಲ ಎರಡೂ ಕಡೆ ಚೆನ್ನಾಗಿ ಕಾಣುತ್ತದೆ. ಕೆಳಗೆ ಮೂರು ಗಾಲಿ. ಜೋರಾಗಿ ನೆಲಕ್ಕೆ ಅಪ್ಪಳಿಸಿದರೂ ಪೆಟ್ಟಿನ ದೊಡ್ಡ ಪಾಲನ್ನು ಅವುಗಳ ಕಾಲುಗಳೇ ನುಂಗಿಕೊಳ್ಳಬೇಕು. ಒಳಗಿರುವವರು ಬದುಕುಳಿಯಲಿ ಅಂತ.

ಮೂರನೆಯದು: ತೂಕದ ಜೊತೆ ಗುದ್ದಾಟ

ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ. ಅಮೆರಿಕದ ದಾಳಿ ಹೆಲಿಕಾಪ್ಟರ್ ಅಪಾಚೆಯ ಗರಿಷ್ಠ ತೂಕ 10 ಟನ್ ದಾಟುತ್ತದೆ. ಪ್ರಚಂಡದ್ದು 5.8 ಟನ್. ಇಷ್ಟರೊಳಗೇ ಇಬ್ಬರು, ಇಂಧನ, ರಕ್ಷಾಕವಚ, ಗನ್, ರಾಕೆಟ್, ಕ್ಯಾಮೆರಾ ಎಲ್ಲ ಹಿಡಿಸಬೇಕು.

ಪರ್ವತದ ಮೇಲೆ ಒಂದೊಂದು ಕಿಲೊಗೂ ಬೆಲೆಯಿದೆ. ಕವಚ ದಪ್ಪ ಮಾಡಿದರೆ ಒಂದಿಷ್ಟು ರಾಕೆಟ್ ಕೆಳಗಿಳಿಸಬೇಕು. ರಾಕೆಟ್ ಬೇಕೆಂದರೆ ಇಂಧನ ಕಡಿಮೆ ತುಂಬಬೇಕು, ಆಗ ಹಾರುವ ಹೊತ್ತು ಕಡಿಮೆಯಾಗುತ್ತದೆ. ಮನೆ ಖರ್ಚು ತೂಗಿಸಿದ ಹಾಗೇ ಅಲ್ವಾ? ಅದಕ್ಕೇ ಬ್ಲೇಡ್‌ಗಳಿಗೆ, ಮೈಯ ಹಲವು ಭಾಗಗಳಿಗೆ ಲೋಹದ ಬದಲು ಕಾಂಪೊಸಿಟ್ (ಗಟ್ಟಿ ನಾರು, ಅಂಟು ಸೇರಿಸಿ ಮಾಡಿದ ಹಗುರ ವಸ್ತು) ಬಳಸುತ್ತಾರೆ. ಶುರುವಿನ ಮಾದರಿ ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮುಂದಿನ ಮಾದರಿಗಳಲ್ಲಿ ಒಂದೊಂದೇ ಭಾಗವನ್ನು ತಿದ್ದಿ ತೂಕ ಇಳಿಸುತ್ತಾ ಬಂದರು. ಹೆಸರಿನಲ್ಲಿರುವ ‘ಲಘು’ ಸುಮ್ನೆ ಬಂದದ್ದಲ್ಲ.

ನಾಲ್ಕನೆಯದು: ನೆಲದಲ್ಲಿ ಓಡಿಸಿ, ಆಮೇಲೆ ಹಾರಿಸಿ

ಹೊಸ ಹೆಲಿಕಾಪ್ಟರ್ ಸಿದ್ಧವಾದ ತಕ್ಷಣ ಹಾರುವುದಿಲ್ಲ. ಮೊದಲು ನೆಲದ ಮೇಲೆಯೇ ಎಂಜಿನ್ ಶುರು ಮಾಡಿ, ರೋಟರ್ ತಿರುಗಿಸಿ, ನಡುಕ ಎಷ್ಟು, ಬಿಸಿ ಎಷ್ಟು ಅಂತ ಅಳೆಯುತ್ತಾರೆ. ನಾಲ್ಕು ಬ್ಲೇಡ್ ಇದ್ದರೆ ಪ್ರತಿ ಸುತ್ತಿಗೆ ನಾಲ್ಕು ಸಲ ಮೈ ಅದುರುತ್ತದೆ. ಇದನ್ನು ತಗ್ಗಿಸದಿದ್ದರೆ ಪೈಲಟ್ ಬೇಗ ದಣಿಯುತ್ತಾರೆ, ಗುರಿಯೂ ನಿಲ್ಲುವುದಿಲ್ಲ.

ಪ್ರಚಂಡದ ಮೊದಲ ಮಾದರಿ 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಸುಮಾರು 20 ನಿಮಿಷ ಹಾರಿತು. ಒಟ್ಟು ನಾಲ್ಕು ಮಾದರಿಗಳನ್ನು ಕಟ್ಟಿದರು. ನಾಲ್ಕನೆಯದು ಹಾರಿದ್ದು 2015ರ ಡಿಸೆಂಬರಿನಲ್ಲಿ.

ಐದನೆಯದು: ಚಳಿ, ಬಿಸಿಲು, ಬೆಟ್ಟ

ಸಮುದ್ರಮಟ್ಟದಲ್ಲಿ ಪರೀಕ್ಷೆ ಮುಗಿದ ಮೇಲೆ 2015ರ ಫೆಬ್ರುವರಿಯಲ್ಲಿ ಲೇಹ್‌ಗೆ ಒಯ್ದರು. ರಾತ್ರಿಯೆಲ್ಲ ಕೊರೆಯುವ ಚಳಿಯಲ್ಲಿ ನಿಂತ ಎಂಜಿನ್ ಬೆಳಿಗ್ಗೆ ಶುರುವಾಗುತ್ತದಾ ಎಂಬುದೇ ಅಲ್ಲಿನ ಪ್ರಶ್ನೆ. ಅದೇ ವರ್ಷ ಜೂನ್‌ನಲ್ಲಿ ಜೋಧಪುರದ ಬಿಸಿಲು. ಮತ್ತೆ ಬೇಸಿಗೆಯ ಬೆಟ್ಟ, ಸಿಯಾಚಿನ್‌ನ ಹೆಲಿಪ್ಯಾಡ್‌ಗಳು. 5,000 ಮೀಟರ್ ಎತ್ತರದಲ್ಲಿ ಶಸ್ತ್ರ, ಇಂಧನ ಹೊತ್ತು ಇಳಿದು ಮತ್ತೆ ಏಳಬಲ್ಲ ದಾಳಿ ಹೆಲಿಕಾಪ್ಟರ್ ಅನ್ನುವ ಹೆಸರು ಇದಕ್ಕೆ ಬಂತು. ಈ ಸಾಲು ಬರೆಯುವಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತದೆ.

ಆರನೆಯದು: ಕೈಗೆ ಆಯುಧ

ಮೂತಿಯ ಕೆಳಗೆ 20 ಎಂಎಂ ಗನ್. ಹೆಲ್ಮೆಟ್‌ನಲ್ಲೇ ಗುರಿ ಕಾಣುವ ವ್ಯವಸ್ಥೆಯಿದೆ. ಕತ್ತು ಯಾವ ಕಡೆ ತಿರುಗುತ್ತದೋ ಗನ್ನೂ ಆ ಕಡೆ ತಿರುಗುತ್ತದೆ. ಪಕ್ಕದ ಮೋಟು ರೆಕ್ಕೆಗಳಲ್ಲಿ 70 ಎಂಎಂ ರಾಕೆಟ್‌ಗಳು ಮತ್ತು ಆಕಾಶದ ಗುರಿಗೆ ಹೊಡೆಯುವ ಮಿಸ್ಟ್ರಾಲ್ ಕ್ಷಿಪಣಿ. ಈ ಕ್ಷಿಪಣಿಯ ಪರೀಕ್ಷೆ 2019ರಲ್ಲಿ ಒಡಿಶಾದ ಚಾಂದಿಪುರದಲ್ಲಿ ನಡೆಯಿತು.

ಇವಕ್ಕಿಂತ ನನಗೆ ಮುಖ್ಯ ಅನಿಸುವುದು ಕಾಪಾಡುವ ಉಪಕರಣಗಳು. ಕ್ಷಿಪಣಿ ಬರುತ್ತಿದೆ ಎಂದು ಎಚ್ಚರಿಸುವ ಸೆನ್ಸರ್‌ಗಳಿವೆ. ಎಂಜಿನ್ನಿನ ಬಿಸಿ ಹೊಗೆಯನ್ನು ತಣಿಸುವ ಕೊಳವೆಗಳಿವೆ. ಫ್ಲೇರ್‌ಗಳೂ ಇವೆ. ತೋಲೋಲಿಂಗ್‌ನಲ್ಲಿ ಇಲ್ಲದ್ದು ಇಲ್ಲಿದೆ.

ಕೊನೆಗೆ: ಸೇನೆಯ ಕೈಗೆ

ಮಿಲಿಟರಿ ವಿಮಾನಗಳಿಗೆ ಅರ್ಹತೆಯ ಮುದ್ರೆ ಒತ್ತುವ ಸಂಸ್ಥೆ ಸೆಮಿಲ್ಯಾಕ್. ಅದೂ ಬೆಂಗಳೂರಿನಲ್ಲೇ ಇದೆ. ಆ ಒಪ್ಪಿಗೆ ಪಡೆದು, 2020ರಲ್ಲಿ ಲಡಾಖ್ ಗಡಿ ಬಿಸಿಯಾದಾಗ ಎರಡು ಹೆಲಿಕಾಪ್ಟರ್‌ಗಳು ಅಲ್ಲಿಗೆ ಹೋದವು. 2022ರಲ್ಲಿ ಮೊದಲ 15ಕ್ಕೆ ಅನುಮತಿ ಸಿಕ್ಕಿತು. ವಾಯುಪಡೆಗೆ 10, ಭೂಸೇನೆಗೆ 5. ಅದೇ ವರ್ಷ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆ ಸೇರಿದಾಗ ‘ಪ್ರಚಂಡ’ ಎಂದು ಹೆಸರಿಟ್ಟರು. ಕಾರ್ಗಿಲ್‌ನಿಂದ ಲೆಕ್ಕ ಹಾಕಿದರೆ 23 ವರ್ಷ.

2025ರ ಮಾರ್ಚ್‌ನಲ್ಲಿ ಇನ್ನೂ 156ಕ್ಕೆ ಒಪ್ಪಂದವಾಗಿದೆ. ಮೊತ್ತ ತೆರಿಗೆ ಬಿಟ್ಟು 62,700 ಕೋಟಿ ರೂಪಾಯಿ. ಭೂಸೇನೆಗೆ 90, ವಾಯುಪಡೆಗೆ 66. ಮೂರನೇ ವರ್ಷದಿಂದ ಪೂರೈಕೆ ಶುರುವಾಗಬೇಕು. ಕೆಲಸ ನಡೆಯುವುದು ಬೆಂಗಳೂರಿನಲ್ಲಿ, ಮತ್ತು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ ಹೊಸ ಕಾರ್ಖಾನೆಯಲ್ಲಿ.